ಕಾಕಾನ ಮಾಮಿಯಾ ಲೆನ್ಸ್ ಜೊತೆ ನಾಲ್ಕು ದಿನ

ಮೊದಲ ದಿನ: ಹುಬ್ಬಳ್ಳಿ, ಉಣಕಲ್

ಸಂಕ್ರಾಂತಿ ಮುಗಿದ ವಾರ. ಬೆಳಿಗ್ಗೆ ಧಾರವಾಡ ಬಿಟ್ಟು ಮೊದಲು ಹಳೇ ಹುಬ್ಬಳ್ಳಿಯ ಕಾಕಾನ ಮನೆಗೆ ಹೋದೆ. ಕಾಕಾ ಅಂದರೆ ನಮ್ಮಪ್ಪನ ಗೆಳೆಯ. ಕೊಪ್ಪಿಕರ್ ರಸ್ತೆಯ ಹತ್ತಿರ ಅವರ ಸ್ಟುಡಿಯೋ ಇತ್ತು. ನಮ್ಮ ಅಕ್ಕನ ಮದುವೆ ಫೋಟೋ ತೆಗೆದವರು ಅವರೇ. ಸ್ಟುಡಿಯೋ ಮುಚ್ಚಿ ಹತ್ತು ವರ್ಷವಾಯಿತು. ಕ್ಯಾಮೆರಾ ಕೆಟ್ಟು ಮೂಲೆ ಸೇರಿದೆ, ಲೆನ್ಸ್ ಮಾತ್ರ ಚೆನ್ನಾಗಿವೆ, ಬಂದು ತಗೊಂಡು ಹೋಗು ಅಂತ ದೀಪಾವಳಿಯಲ್ಲಿ ಹೇಳಿದ್ದರು.

ಕಬ್ಬಿಣದ ಟ್ರಂಕ್ ತೆಗೆದರು. ಹಳೇ ಧೋತರದ ತುಂಡಿನಲ್ಲಿ ಸುತ್ತಿದ ಮೂರು ಲೆನ್ಸ್. ಮಾಮಿಯಾ ಸೆಕೋರ್ ಸಿ 55 ಮಿ.ಮೀ. ಎಫ್ 2.8, 80 ಮಿ.ಮೀ. ಎಫ್ 2.8, 150 ಮಿ.ಮೀ. ಎಫ್ 3.5. ಎಫ್ ಅಂದರೆ ಬೆಳಕು ಒಳಬಿಡುವ ಕಿಂಡಿಯ ಅಳತೆ, ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಎಲ್ಲವೂ ಮಾಮಿಯಾ 645 ಕ್ಯಾಮೆರಾಗೆ ಮಾಡಿದವು. 1975ರಲ್ಲಿ ಶುರುವಾದ ಆ ಕ್ಯಾಮೆರಾ 120 ಫಿಲ್ಮ್ ಮೇಲೆ 56 ಮಿ.ಮೀ. ಅಗಲ, 41.5 ಮಿ.ಮೀ. ಎತ್ತರದ ನೆಗೆಟಿವ್ ಕೊಡುತ್ತಿತ್ತು. ನಮ್ಮ ಇವತ್ತಿನ ಡಿಜಿಟಲ್ ಕ್ಯಾಮೆರಾದಲ್ಲಿ ಫಿಲ್ಮಿನ ಜಾಗದಲ್ಲಿರುವ ಫುಲ್ ಫ್ರೇಮ್ ಸೆನ್ಸರ್ 36ಕ್ಕೆ 24. ಎರಡನ್ನೂ ಅಂಗೈ ಮೇಲೆ ಇಟ್ಟು ನೋಡಿದರೆ ಒಂದು ದೊಡ್ಡ ಬೆಂಕಿಪೊಟ್ಟಣ, ಒಂದು ಸಣ್ಣ ಬೆಂಕಿಪೊಟ್ಟಣ.

"ಒಂದ ರೋಲಿಗೆ ಹದಿನೈದ ಫೋಟೋ, ತಮ್ಮಾ. ಅಕ್ಷತಿ ಬೀಳೂ ಹೊತ್ತಿಗೆ ರೋಲ್ ತೀರಿದ್ರ ತೀರಿತು. ಯಾರಿಗೂ ಮತ್ತೊಮ್ಮೆ ಅಕ್ಷತಿ ಹಾಕ್ರಿ ಅನ್ನಾಕ ಬರೂದಿಲ್ಲ" ಅಂದರು ಕಾಕಾ.

ಮೊಬೈಲ್ ಟಾರ್ಚ್ ಹಾಕಿ ಒಂದೊಂದೇ ಲೆನ್ಸ್ ನೋಡಿದೆ. 80 ತಿಳಿನೀರಿನ ಹಾಗಿತ್ತು. 55ರಲ್ಲಿ ಸ್ವಲ್ಪ ಧೂಳು, ಅದು ಲೆಕ್ಕಕ್ಕಿಲ್ಲ. 150ರ ಅಂಚಿನಲ್ಲಿ ಕೂದಲೆಳೆಯಂಥ ಬೂಷ್ಟು ಕಂಡಿತು. ಅದನ್ನು ಬೇರೆ ಚೀಲದಲ್ಲಿ ಇಟ್ಟುಕೊಂಡೆ. ಹಳೇ ಲೆನ್ಸ್ ಕೊಳ್ಳುವವರು ಈ ಟಾರ್ಚ್ ಪರೀಕ್ಷೆ ಬಿಡಬಾರದು. ಅಪರ್ಚರ್ (ಆ ಬೆಳಕಿನ ಕಿಂಡಿ) ಎಲೆಗಳ ಮೇಲೆ ಎಣ್ಣೆ ಹತ್ತಿದೆಯಾ ಅಂತಲೂ ಆಗಲೇ ಗೊತ್ತಾಗುತ್ತದೆ.

"80ಕ್ಕ ಒಂದು ಹುಡ್ ಇತ್ತು. ಎಲ್ಲಿ ಇಟ್ಟೀನೋ ನೆನಪಿಲ್ಲ. ಸಿಕ್ಕರ ಹೇಳ್ತೀನಿ" ಅಂದರು. ಬಿಸಿಲಿಗೆ ಅಡ್ಡ ಹಿಡಿಯುವ ಆ ಲೋಹದ ಬಳೆಯ ಬೆಲೆ ಅವತ್ತು ಸಂಜೆಯೇ ಗೊತ್ತಾಯಿತು.

ನನ್ನ ಕ್ಯಾಮೆರಾ ಸೋನಿ ಎ7 ಮಾರ್ಕ್ 3. 24 ಮೆಗಾಪಿಕ್ಸೆಲ್. ಅದಕ್ಕೆ ಈ ಲೆನ್ಸ್ ಹಾಕಲು ಎರಡು ಅಡಾಪ್ಟರ್ ತರಿಸಿಕೊಂಡಿದ್ದೆ. ಒಂದು ಬರೀ ಕೊಳವೆ. ಇನ್ನೊಂದು ಲೆನ್ಸನ್ನು ಆಚೆ ಈಚೆ ಸರಿಸಬಲ್ಲ ಶಿಫ್ಟ್ ಅಡಾಪ್ಟರ್. ಎರಡರಲ್ಲೂ ಗಾಜು ಇಲ್ಲ, ತಂತಿ ಇಲ್ಲ. ಮಾಮಿಯಾ 645 ಲೆನ್ಸ್ ತನ್ನ ಮೌಂಟಿನಿಂದ (ಲೆನ್ಸ್ ಕ್ಯಾಮೆರಾಗೆ ಕೂರುವ ಬಾಯಿ) 63.3 ಮಿ.ಮೀ. ದೂರಕ್ಕೆ ಬಿಂಬ ಮೂಡಿಸುತ್ತದೆ. ಸೋನಿಯಲ್ಲಿ ಮೌಂಟಿನಿಂದ ಸೆನ್ಸರ್ 18 ಮಿ.ಮೀ. ದೂರ. ನಡುವಿನ 45.3 ಮಿ.ಮೀ. ತುಂಬಿದರೆ ಆಯಿತು, ಕೊಳವೆಯ ಕೆಲಸ ಅಷ್ಟೇ. ಕೊಳವೆ ಸ್ವಲ್ಪ ಉದ್ದವಾದರೆ ದೂರದ ಗುಡ್ಡ ಫೋಕಸ್‌ಗೆ ಬರುವುದೇ ಇಲ್ಲ. ಸ್ವಲ್ಪ ಗಿಡ್ಡವಾದರೆ ಫೋಕಸ್ ಅನಂತವನ್ನು ದಾಟಿ ಹೋಗುತ್ತದೆ, ಅದನ್ನು ಹೇಗೋ ಸಂಭಾಳಿಸಬಹುದು. ನನ್ನವು ಎರಡೂ ಗಿಡ್ಡ.

ಮಧ್ಯಾಹ್ನ ಊಟ ಮುಗಿಸಿ ಉಣಕಲ್‌ಗೆ ಹೋದೆ. ಚಂದ್ರಮೌಳೇಶ್ವರ ಗುಡಿ ಚಾಲುಕ್ಯರ ಕಾಲದ್ದು. ಸುತ್ತ ಮನೆಗಳು, ಒಣಗಲು ಹಾಕಿದ ಬಟ್ಟೆ, ಕಟ್ಟೆ ಮೇಲೆ ಹರಟೆ ಹೊಡೆಯುವ ಹಿರಿಯರು. 80 ಹಾಕಿ ಕೈಯಲ್ಲೇ ಹಿಡಿದು ತೆಗೆಯುತ್ತಾ ಹೋದೆ. ಕ್ಯಾಮೆರಾಗೆ ಈ ಲೆನ್ಸ್ ಇರುವುದೇ ತಿಳಿಯುವುದಿಲ್ಲ. ಹಾಗಾಗಿ ಲೆನ್ಸ್ ಇಲ್ಲದಿದ್ದರೂ ಶಟರ್ ಬಿಡುವ ಆಯ್ಕೆಯನ್ನು ಮೆನುವಿನಲ್ಲಿ ಹಾಕಿಕೊಳ್ಳಬೇಕು. ಕೈ ನಡುಕ ತಡೆಯುವ ವ್ಯವಸ್ಥೆಗೆ 80 ಅಂತ ಕೈಯಾರೆ ಹೇಳಬೇಕು. ಲೆನ್ಸ್ ಬದಲಿಸಿದಾಗಲೆಲ್ಲ ಆ ಸಂಖ್ಯೆಯನ್ನೂ ಬದಲಿಸಬೇಕು. ಎಷ್ಟು ಅಪರ್ಚರ್ ಇಟ್ಟೆ ಅಂತ ಫೋಟೋದಲ್ಲಿ ದಾಖಲಾಗುವುದಿಲ್ಲ, ಅದಕ್ಕೆ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡಿದ್ದೆ.

ಸಂಜೆ ಕಾರಿನಲ್ಲಿ ಕೂತು ಫೋಟೋ ದೊಡ್ಡದು ಮಾಡಿ ನೋಡಿದಾಗ ಎದೆ ಧಸಕ್ಕೆಂದಿತು. ನೋಟ್‌ಬುಕ್‌ನಲ್ಲಿ ಎಫ್ 8 ಅಂತ ಬರೆದಿದ್ದೇನೆ, ಅಂದರೆ ಕಿಂಡಿ ಚಿಕ್ಕದು, ಹತ್ತಿರದ್ದೂ ದೂರದ್ದೂ ಸ್ಪಷ್ಟ ಬರಬೇಕು. ಫೋಟೋದಲ್ಲಿ ಮುಂದಿನ ಕಂಬ ಮಾತ್ರ ಸ್ಪಷ್ಟ, ಹಿಂದಿನದು ಮಂಜು. ಲೆನ್ಸ್ ತಿರುಗಿಸಿ ನೋಡಿದೆ. ಪಕ್ಕದಲ್ಲಿ ಸರಿಸುವ ಒಂದು ಪುಟ್ಟ ಗುಂಡಿ ಇದೆ, 'ಎ' ಮತ್ತು 'ಎಂ' ಅಂತ. 'ಎ'ನಲ್ಲಿದ್ದರೆ ಅಪರ್ಚರ್ ತೆರೆದೇ ಇರುತ್ತದೆ, ಮಾಮಿಯಾ ಕ್ಯಾಮೆರಾ ಫೋಟೋ ತೆಗೆಯುವ ಕ್ಷಣದಲ್ಲಿ ಮಾತ್ರ ಅದನ್ನು ಮುಚ್ಚುತ್ತದೆ. ಅಡಾಪ್ಟರ್‌ಗೆ ಆ ಕೈ ಇಲ್ಲ. ನಾನು ಉಂಗುರ ತಿರುಗಿಸುತ್ತಿದ್ದೆ, ಒಳಗೆ ಎಲೆಗಳು ಕದಲಿರಲೇ ಇಲ್ಲ. ಎಕ್ಸ್‌ಪೋಶರ್ ಅನ್ನು ಕ್ಯಾಮೆರಾ ತಾನೇ ಸರಿಮಾಡಿಕೊಳ್ಳುತ್ತಿದ್ದರಿಂದ ನನಗೆ ಅನುಮಾನವೂ ಬರಲಿಲ್ಲ. ಅರ್ಧ ದಿನದ ಫೋಟೋ ಎಲ್ಲ ಎಫ್ 2.8. ಗುಂಡಿಯನ್ನು 'ಎಂ'ಗೆ ತಳ್ಳಿ ಮೇಲೆ ಟೇಪ್ ಅಂಟಿಸಿದೆ.

ಇನ್ನೊಂದು ತೊಂದರೆ ಅದಕ್ಕಿಂತ ದೊಡ್ಡದು. ಬಿಸಿಲಿಗೆ ಎದುರಾಗಿ ತೆಗೆದ ಫೋಟೋಗಳೆಲ್ಲ ಮಜ್ಜಿಗೆ ಬೆರೆಸಿದ ಹಾಗೆ ಬಿಳಚಿಕೊಂಡಿದ್ದವು. ಲೆನ್ಸ್ ಗಾಜು ತಿಳಿಯಾಗಿದೆ, ಬೂಷ್ಟು ಇಲ್ಲ, ಮತ್ತೆ ಯಾಕೆ? ಅಡಾಪ್ಟರ್ ಬಿಚ್ಚಿ ಹಿಂದಿನಿಂದ ಕಣ್ಣಿಟ್ಟು ಕಿಟಕಿ ಕಡೆ ನೋಡಿದೆ. ಕೊಳವೆಯ ಒಳಗೋಡೆ ಕಪ್ಪು ಬಣ್ಣದ್ದೇ. ಆದರೆ ಓರೆಯಾಗಿ ಬೆಳಕು ಬಿದ್ದಾಗ ಸ್ಟೀಲ್ ತಾಟಿನ ಅಂಚಿನ ಹಾಗೆ ಹೊಳೆಯುತ್ತದೆ.

ಇಡೀ ಪ್ರಯಾಣದಲ್ಲಿ ನಾನು ಕಲಿತದ್ದು ಸುತ್ತಿದ್ದು ಈ ಒಂದು ವಿಷಯದ ಸುತ್ತ. ಈ ಲೆನ್ಸ್ ಬೀರುವ ಬೆಳಕಿನ ವೃತ್ತದ ಅಡ್ಡಳತೆ ಸುಮಾರು 70 ಮಿ.ಮೀ. ನನ್ನ ಸೆನ್ಸರ್‌ನ ಮೂಲೆಯಿಂದ ಮೂಲೆಗೆ 43. ಅಂದರೆ ಒಳಗೆ ಬರುವ ಬೆಳಕಿನಲ್ಲಿ ಬಹುಪಾಲು ಸೆನ್ಸರ್ ಮೇಲೆ ಬೀಳುವುದೇ ಇಲ್ಲ. ಅದು ಕೊಳವೆಯ ಗೋಡೆಗೆ, ಸೆನ್ಸರ್ ಸುತ್ತಲಿನ ಚೌಕಟ್ಟಿಗೆ ಬಡಿದು ಚೆದುರಿ ಫೋಟೋ ಮೇಲೆ ಪರದೆ ಎಳೆಯುತ್ತದೆ. ಮಾಮಿಯಾ ಬಾಡಿಯಲ್ಲಿ ಆ ಬೆಳಕಿಗೆ ಫಿಲ್ಮ್ ಕಾಯುತ್ತಿತ್ತು. ಇಲ್ಲಿ ಯಾರೂ ಇಲ್ಲ.

ರಾತ್ರಿ ದುರ್ಗದಬೈಲ್‌ಗೆ ಹೋಗಿ ಗಿರ್ಮಿಟ್, ಮಿರ್ಚಿ ತಿಂದೆ. ಅಲ್ಲೇ ಹತ್ತಿರದ ಬಟ್ಟೆ ಅಂಗಡಿಯಲ್ಲಿ ಕಪ್ಪು ಮಖಮಲ್ ಕಾಲು ಮೀಟರ್ ಕೇಳಿದೆ. "ಏನ್ ಹೊಲಿಸ್ತೀರ್ರಿ ಇಷ್ಟರಾಗ?" ಅಂತ ಅಂಗಡಿಯವರು ಕೇಳಿದರು. ಕ್ಯಾಮೆರಾ ಒಳಗೆ ಹಾಕೋಕೆ ಅಂದಾಗ ತಾವೇ ಮೂರು ಬಗೆ ತೆಗೆದು ಬಲ್ಬ್ ಕೆಳಗೆ ಹಿಡಿದು, ಯಾವುದು ಕಡಿಮೆ ಹೊಳೆಯುತ್ತದೆ ಅಂತ ನೋಡಿ ಆರಿಸಿಕೊಟ್ಟರು. ಮಲಗುವ ಮುಂಚೆ ಪಟ್ಟಿ ಕತ್ತರಿಸಿ ಎರಡೂ ಅಡಾಪ್ಟರ್ ಒಳಗೆ ಅಂಟಿಸಿದೆ. ಎಳೆ ಉದುರದ ಹಾಗೆ ಅಂಚಿಗೆ ಅಂಟು ಸವರಿದೆ. ಮತ್ತೆ ಕಣ್ಣಿಟ್ಟು ನೋಡಿದರೆ ಒಳಗೆ ಬಾವಿಯ ಕತ್ತಲೆ.

ಎರಡನೇ ದಿನ: ಗದಗ, ಲಕ್ಕುಂಡಿ

ಹುಬ್ಬಳ್ಳಿಯಿಂದ ಗದಗಕ್ಕೆ ಸುಮಾರು 58 ಕಿ.ಮೀ. ಅಣ್ಣಿಗೇರಿ ದಾಟುವವರೆಗೂ ಎರಡೂ ಕಡೆ ಎರಿ ಹೊಲ. ಜೋಳ ತೆನೆ ಹೊತ್ತಿತ್ತು, ಕುಸುಬಿ ಹಳದಿ ಹೂ ಬಿಟ್ಟಿತ್ತು. ಒಂದು ಹೊಲದ ಬದುವಿನಲ್ಲಿ ಸೀತನಿ ಸುಡುತ್ತಿದ್ದರು. ಕಾರು ನಿಲ್ಲಿಸಿದ್ದಕ್ಕೆ "ಬರ್ರಿ, ತಿನ್ನಾಕ ಬರ್ರಿ" ಅಂತ ಕರೆದು ಒಂದು ಬೊಗಸೆ ಕೊಟ್ಟರು. ಬಿಸಿ ಎಳೆ ಜೋಳ, ಮೇಲೆ ಶೇಂಗಾ ಚಟ್ನಿ. ಅರ್ಧ ಗಂಟೆ ಅಲ್ಲೇ ಕಳೆಯಿತು.

ಗದಗಿನ ವೀರನಾರಾಯಣ ಗುಡಿಗೆ ಹೋಗಿ ಕೈಮುಗಿದೆ. ಕುಮಾರವ್ಯಾಸ ಕೂತು ಭಾರತ ಬರೆದ ಅಂತ ತೋರಿಸುವ ಕಂಬ ಅಲ್ಲಿದೆ. ಕ್ಯಾಮೆರಾ ಚೀಲದಲ್ಲೇ ಇತ್ತು. ತ್ರಿಕೂಟೇಶ್ವರ ಗುಡಿಯ ಆವರಣದ ಸರಸ್ವತಿ ಮಂಟಪದ ಕಂಬಗಳನ್ನು ಮಾತ್ರ 80ರಲ್ಲಿ ತೆಗೆದೆ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಮೀಡಿಯಂ ಫಾರ್ಮ್ಯಾಟ್ (ಮಾಮಿಯಾದಂಥ ದೊಡ್ಡ ಫಿಲ್ಮಿನ) ಲೆನ್ಸ್ ಹಾಕಿದರೆ ಮೀಡಿಯಂ ಫಾರ್ಮ್ಯಾಟ್ ಫೋಟೋದ ಸೊಗಸು ಬರುತ್ತದೆ ಅಂತ ಬಹಳ ಜನ ನಂಬಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಬರುವುದಿಲ್ಲ. 80 ಎಫ್ 2.8 ಅಂದರೆ ಯಾವ ಕ್ಯಾಮೆರಾ ಮೇಲೂ 80 ಎಫ್ 2.8. ದೊಡ್ಡ ಫಿಲ್ಮ್ ಮೇಲೆ ಅದು ಎಲ್ಲದಕ್ಕೂ ಬಳಸುವ ನಾರ್ಮಲ್ ಲೆನ್ಸ್. ನನ್ನ ಸೆನ್ಸರ್ ಮೇಲೆ ಅದು ಮುಖ ತೆಗೆಯಲು ಚೆಂದದ ಸಣ್ಣ ಟೆಲಿ (ದೂರದ್ದನ್ನು ಹತ್ತಿರ ತೋರಿಸುವ ಲೆನ್ಸ್), ಅಷ್ಟೇ. ಕಾಕಾ ಮದುವೆ ಮಂಟಪ ಇಡಿಯಾಗಿ ಹಿಡಿಯುತ್ತಿದ್ದ 55, ನನಗೆ ನಾರ್ಮಲ್ ಲೆನ್ಸ್. ಅಗಲದ ನೋಟ ಬೇಕಾದವರು ಈ ದಾರಿಗೆ ಬರಬೇಡಿ. ಅವರಿಗೆ ಇದರಲ್ಲಿ ಭಾರ ಜಾಸ್ತಿ, ಫಲ ಕಡಿಮೆ.

ಚುರುಕುತನದ ಬಗ್ಗೆಯೂ ಹೀಗೇ ಒಂದು ನಂಬಿಕೆ ಇದೆ. ಹತ್ತು ಇಂಚು ಅಗಲದ ಪ್ರಿಂಟ್ ಮಾಡಲು 36 ಮಿ.ಮೀ. ಚಿತ್ರವನ್ನು ಏಳು ಪಟ್ಟು ಹಿಗ್ಗಿಸಬೇಕು. 56 ಮಿ.ಮೀ. ಆದರೆ ನಾಲ್ಕೂವರೆ ಪಟ್ಟು ಸಾಕು. ಹಾಗಾಗಿ ದೊಡ್ಡ ಫಿಲ್ಮಿನ ಲೆನ್ಸ್ ಪ್ರತಿ ಮಿಲಿಮೀಟರಿನಲ್ಲಿ ಅಷ್ಟೊಂದು ಸೂಕ್ಷ್ಮ ಗೆರೆ ಬಿಡಿಸಬೇಕಾಗಿರಲಿಲ್ಲ. ಪೂರ್ತಿ ತೆರೆದಾಗ ಕಾಕಾನ 80 ಸ್ವಲ್ಪ ಮೆತ್ತಗೆ. ಎಫ್ 5.6ಕ್ಕೆ ಬಂದಾಗ ಎಚ್ಚರವಾಗುತ್ತದೆ. ಎಫ್ 8ರಲ್ಲಿ ಮಧ್ಯದಿಂದ ಮೂಲೆಯವರೆಗೆ ಒಂದೇ ಸಮ. ಈ ಒಂದೇ ಸಮ ಇರುವ ಗುಣ ನನಗೆ ತುಂಬಾ ಇಷ್ಟವಾಯಿತು. ನನ್ನ ಸೆನ್ಸರ್ ಬಳಸುವುದು ಲೆನ್ಸ್‌ನ ನಡುಭಾಗವನ್ನು ಮಾತ್ರ. ಮೂಲೆ ಕತ್ತಲಾಗುವುದು, ಅಂಚು ಎಳೆದ ಹಾಗಾಗುವುದು, ಇವೆಲ್ಲ ಚೌಕಟ್ಟಿನ ಆಚೆಯೇ ಉಳಿಯುತ್ತವೆ.

ಮಧ್ಯಾಹ್ನ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ. ಅಲ್ಲಿಂದ ಸುಮಾರು 12 ಕಿ.ಮೀ. ದೂರದ ಲಕ್ಕುಂಡಿಗೆ.

ಪುರಾತತ್ವ ಇಲಾಖೆ ಕಾಯುವ ಗುಡಿಗಳಲ್ಲಿ ಟ್ರೈಪಾಡ್ ಇಡಲು ಅನುಮತಿ ಬೇಕು. ಧಾರವಾಡದ ವಲಯ ಕಚೇರಿಗೆ ಮುಂಚೆಯೇ ಅರ್ಜಿ ಕೊಟ್ಟು ಎರಡು ದಿನಕ್ಕೆ ಅನುಮತಿ ಪತ್ರ ತಂದಿದ್ದೆ. ಕಾಶಿ ವಿಶ್ವೇಶ್ವರ ಗುಡಿಯ ಕಾವಲುಗಾರರು ಪತ್ರ ಎರಡು ಸಲ ಓದಿ, ಟ್ರೈಪಾಡ್ ಕಾಲಿಗೆ ರಬ್ಬರ್ ಇದೆಯಾ ಅಂತ ಕೈ ಹಚ್ಚಿ ನೋಡಿ ಒಳಗೆ ಬಿಟ್ಟರು. ಹಾಗೆ ನೋಡುವವರು ಇರುವುದರಿಂದಲೇ ಆ ನೆಲಗಟ್ಟು ಉಳಿದಿದೆ.

ಈ ಗುಡಿಯನ್ನು ನೀವು ನೋಡಿರದಿದ್ದರೆ ಒಮ್ಮೆ ಹೋಗಿ ಬನ್ನಿ. ಪೂರ್ವಕ್ಕೆ ಮುಖ ಮಾಡಿದ ಶಿವನ ಗುಡಿ, ಎದುರಿಗೆ ಪಶ್ಚಿಮಕ್ಕೆ ಮುಖ ಮಾಡಿದ ಸೂರ್ಯನ ಸಣ್ಣ ಗುಡಿ. ಕಂಬಗಳು ಬಳಪದ ಕಲ್ಲಿನವು, ತಿರುಗಣಿಗೆ ಹಾಕಿ ಕಡೆದವು. ಒಂದು ಕಂಬದ ಹತ್ತಿರ ಕೂತು 150ರಲ್ಲಿ ನೋಡಿದೆ. ಬಳೆ ಬಳೆಯಾಗಿ ಕಡೆದ ಗೆರೆಗಳು, ಒಂದೊಂದರ ಅಂಚೂ ಬ್ಲೇಡಿನ ಹಾಗೆ. ಹೊಟ್ಟೆಯ ಭಾಗ ಎಷ್ಟು ನುಣುಪು ಅಂದರೆ ಹೊರಗಿನ ಆಕಾಶದ ತುಂಡೊಂದು ಅದರಲ್ಲಿ ಉದ್ದಕ್ಕೆ ಬಾಗಿ ಕಾಣುತ್ತಿತ್ತು. ನಮ್ಮ ಮನೆಯ ತೊಟ್ಟಿಲ ಕಾಲು ಕಡೆದವರೂ ಇದೇ ರೀತಿ ಗೆರೆ ಹಾಕಿದ್ದರು. ಇಲ್ಲಿ ಮರದ ಜಾಗದಲ್ಲಿ ಕಲ್ಲು.

ಶಿಫ್ಟ್ ಅಡಾಪ್ಟರ್ ತಂದದ್ದೇ ಈ ಕಂಬಗಳಿಗಾಗಿ. ಸೆನ್ಸರ್ ಆಚೆ ಬಿದ್ದು ನಿನ್ನೆ ಫೋಟೋ ಕೆಡಿಸಿದ ಆ ಬೆಳಕು ಇಲ್ಲಿ ಕೆಲಸಕ್ಕೆ ಬರುತ್ತದೆ. ಕ್ಯಾಮೆರಾವನ್ನು ಉದ್ದಕ್ಕೆ ನಿಲ್ಲಿಸಿ 55 ಹಾಕಬೇಕು. ಲೆನ್ಸನ್ನು 10 ಮಿ.ಮೀ. ಎಡಕ್ಕೆ ಸರಿಸಿ ಒಂದು, ನಡುವೆ ಇಟ್ಟು ಒಂದು, 10 ಮಿ.ಮೀ. ಬಲಕ್ಕೆ ಸರಿಸಿ ಒಂದು ಫೋಟೋ. ಮೂರೂ ಆ ದೊಡ್ಡ ವೃತ್ತದ ಬೇರೆ ಬೇರೆ ತುಂಡು. ಕೂಡಿಸಿದರೆ 44 ಮಿ.ಮೀ. ಅಗಲ, 36 ಮಿ.ಮೀ. ಎತ್ತರದ ಒಂದೇ ಚಿತ್ರ. ಲಕ್ಷಗಟ್ಟಲೆ ಬೆಲೆಯ ಫ್ಯೂಜಿಫಿಲ್ಮ್ ಜಿಎಫ್ಎಕ್ಸ್ ಕ್ಯಾಮೆರಾದ ಸೆನ್ಸರ್ 43.8ಕ್ಕೆ 32.9. ನನ್ನ 24 ಮೆಗಾಪಿಕ್ಸೆಲ್ ಕ್ಯಾಮೆರಾದಿಂದ 44 ಮೆಗಾಪಿಕ್ಸೆಲ್ ಚಿತ್ರ, ನೋಟದ ಅಗಲವೂ 42 ಮಿ.ಮೀ. ಲೆನ್ಸ್‌ನಷ್ಟು. ಕ್ಯಾಮೆರಾ ತಿರುಗಿಸಿ ತೆಗೆದ ಪನೋರಮಾದ ಹಾಗೆ ಗೆರೆಗಳು ಬಾಗುವುದಿಲ್ಲ. ಮೀಡಿಯಂ ಫಾರ್ಮ್ಯಾಟಿನ ಸೊಗಸು ನಿಜವಾಗಿ ಬರುವುದು ಈ ದಾರಿಯಲ್ಲಿ.

ಎಕ್ಸ್‌ಪೋಶರ್, ಬಿಳಿ ಬಣ್ಣದ ಸೆಟ್ಟಿಂಗ್ ಎಲ್ಲ ಕೈಯಾರೆ ಇಟ್ಟು, ಫೋಕಸ್ ಮುಟ್ಟದೆ ಎಂಟು ಜಾಗದಲ್ಲಿ ಮೂರು ಮೂರು ತೆಗೆದೆ. ಕಾವಲುಗಾರರು "ಹೊತ್ತಾತ್ರಿ ಸರ" ಅನ್ನುವವರೆಗೂ ತೆಗೆದೆ. ಖುಷಿಯಿಂದ ಗದಗಿನ ಲಾಡ್ಜ್‌ಗೆ ಬಂದೆ.

ಲ್ಯಾಪ್‌ಟಾಪ್‌ನಲ್ಲಿ ಕೂಡಿಸಿದರೆ ಕಂಬ ಮುರಿದಿತ್ತು. ದೂರದ ಬಾಗಿಲು ಕೂದಲೆಳೆಯಷ್ಟೂ ತಪ್ಪದೆ ಕೂಡಿತ್ತು. ಆದರೆ ಹತ್ತಿರದ ಕಂಬದ ಬಳೆಗಳು ಒಂದರ ಪಕ್ಕ ಒಂದು ಜಾರಿ ಎರಡೆರಡಾಗಿ ಕಾಣುತ್ತಿದ್ದವು. ಅದನ್ನು ಕೂಡಿಸಲು ಹೋದರೆ ಬಾಗಿಲು ಮುರಿಯುತ್ತದೆ. ಸಾಫ್ಟ್‌ವೇರ್ ಬದಲಿಸಿದೆ, ಕೈಯಿಂದ ಕೂಡಿಸಿದೆ. ಎಂಟರಲ್ಲಿ ಆರು ಹೀಗೇ.

ಮಧ್ಯರಾತ್ರಿ ಹೊತ್ತಿಗೆ ಕಾರಣ ಹೊಳೆಯಿತು. ನನ್ನ ಟ್ರೈಪಾಡ್ ಹಿಡಿದಿರುವುದು ಕ್ಯಾಮೆರಾವನ್ನು. ಹಾಗಾಗಿ ಶಿಫ್ಟ್ ಮಾಡಿದಾಗ ಸೆನ್ಸರ್ ನಿಂತಲ್ಲೇ ನಿಲ್ಲುತ್ತದೆ, ಲೆನ್ಸ್ ಸರಿಯುತ್ತದೆ. ಲೆನ್ಸ್ ಅಂದರೆ ಕಣ್ಣು. ಕಣ್ಣು ಒಂದು ಸೆಂಟಿಮೀಟರ್ ಪಕ್ಕಕ್ಕೆ ಹೋದರೆ ಹತ್ತಿರದ್ದು ದೂರದ್ದರ ಮುಂದೆ ಜಾರುತ್ತದೆ. ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು ಮುಚ್ಚಿ ಮುಂದಿರುವ ಬೆರಳು ನೋಡಿದರೆ ಆಗುತ್ತದಲ್ವಾ, ಹಾಗೆ. ಕಾಗದದ ಮೇಲೆ ಲೆಕ್ಕ ಹಾಕಿದೆ. ಕಂಬ ಒಂದೂವರೆ ಮೀಟರ್, ಬಾಗಿಲು ಆರು ಮೀಟರ್ ದೂರ ಇದ್ದರೆ 10 ಮಿ.ಮೀ. ಸರಿತಕ್ಕೆ ಸೆನ್ಸರ್ ಮೇಲೆ ಸುಮಾರು 45 ಪಿಕ್ಸೆಲ್ ಜಾರು. ಕಣ್ಣು ತಪ್ಪಿಸಲು ಆಗದಷ್ಟು ದೊಡ್ಡದು.

ಲೆನ್ಸ್ ನಿಂತು ಕ್ಯಾಮೆರಾ ಸರಿಯಬೇಕು. ಕೆಲವು ಅಡಾಪ್ಟರ್‌ಗಳಿಗೆ ಟ್ರೈಪಾಡ್ ಕಚ್ಚುವ ಕಾಲು ಇರುತ್ತದೆ, ಆಗ ಇದು ತಾನಾಗಿಯೇ ಆಗುತ್ತದೆ. ನನ್ನದಕ್ಕೆ ಇಲ್ಲ. ಕ್ಯಾಮೆರಾವನ್ನು ಟ್ರೈಪಾಡ್‌ಗೆ ಕೂರಿಸುವ ಉದ್ದನೆಯ ಪ್ಲೇಟ್ ಮೇಲೆ ಸ್ಕೇಲ್ ಹಿಡಿದು ಮೊಳೆಯಿಂದ 10 ಮಿ.ಮೀ.ಗೆ ಒಂದರಂತೆ ಮೂರು ಗೆರೆ ಗೀರಿದೆ. ಲೆನ್ಸ್ ಎಡಕ್ಕೆ 10 ಹೋದರೆ ಇಡೀ ಕ್ಯಾಮೆರಾ ಬಲಕ್ಕೆ 10. ಆಗ ಕಣ್ಣು ನಿಂತಲ್ಲೇ ಇರುತ್ತದೆ. ಲಾಡ್ಜ್‌ನ ಮಂಚದ ಕಾಲು ಮತ್ತು ಬಾಗಿಲ ಚಿಲಕ ಇಟ್ಟುಕೊಂಡು ಪರೀಕ್ಷೆ ಮಾಡಿದೆ. ಕೂಡಿತು. ಎರಡು ಗಂಟೆಗೆ ಮಲಗಿದೆ.

ಮೂರನೇ ದಿನ: ಮತ್ತೆ ಲಕ್ಕುಂಡಿ, ಆಮೇಲೆ ಡಂಬಳ

ಇವತ್ತು ಬೆಳಿಗ್ಗೆ ಮಾಗಡಿ ಕೆರೆಗೆ ಹೋಗಿ ಪಟ್ಟೆ ತಲೆ ಹೆಬ್ಬಾತು ನೋಡುವುದು ಅಂತಿತ್ತು. ಚಳಿಗಾಲದಲ್ಲಿ ಅವು ಹಿಮಾಲಯ ದಾಟಿ ಅಲ್ಲಿಗೆ ಬರುತ್ತವೆ. ಅದನ್ನು ಬಿಟ್ಟೆ. ಹಾರುವ ಹಕ್ಕಿಗೆ ಕೈ ಫೋಕಸ್‌ನ 150 ಸಾಕಾಗುವುದೂ ಇಲ್ಲ.

ಗುಡಿ ತೆರೆಯುವ ಹೊತ್ತಿಗೆ ಲಕ್ಕುಂಡಿಯಲ್ಲಿದ್ದೆ.

"ಮತ್ತ ಬಂದ್ರಿ?" ಅಂದರು ಕಾವಲುಗಾರರು.

"ನಿನ್ನಿದು ಕೆಟ್ಟೈತ್ರಿ."

"ಕಲ್ಲೇನ ಕೆಟ್ಟಿಲ್ಲಲ್ಲ. ತಗೀರಿ."

ಬೆಳಗಿನ ಬಿಸಿಲು ಪೂರ್ವದಿಂದ ಓರೆಯಾಗಿ ಬರುತ್ತಿತ್ತು. ನಿನ್ನೆ ಸಂಜೆಗಿಂತ ಇದು ಎಷ್ಟೋ ಮೇಲು. ಅವಸರ ಮಾಡಲಿಲ್ಲ. ಎಂಟು ಜಾಗದ ಬದಲು ಮೂರೇ ಜಾಗ ಆರಿಸಿದೆ. ಮೊದಲು ಲೆನ್ಸ್ ನಡುವೆ ಇಟ್ಟು ಪರದೆಯಲ್ಲಿ ದೊಡ್ಡದು ಮಾಡಿ ಕಂಬದ ಒಂದು ಗೆರೆಗೆ ಫೋಕಸ್. ಈ ಹಳೇ ಲೆನ್ಸ್‌ನ ಫೋಕಸ್ ಉಂಗುರ ಬಹಳ ಉದ್ದಕ್ಕೆ ತಿರುಗುತ್ತದೆ, ಕೂದಲೆಳೆಯಷ್ಟು ಸರಿಸಿದರೂ ಕೈಗೆ ತಿಳಿಯುತ್ತದೆ. ಆಮೇಲೆ ಎಫ್ 11. ಲೆನ್ಸ್ ಎಡಕ್ಕೆ, ಪ್ಲೇಟ್ ಬಲಕ್ಕೆ. ಕ್ಲಿಕ್. ನಡುವೆ. ಕ್ಲಿಕ್. ಲೆನ್ಸ್ ಬಲಕ್ಕೆ, ಪ್ಲೇಟ್ ಎಡಕ್ಕೆ. ಕ್ಲಿಕ್. ಒಂದು ಚಿತ್ರಕ್ಕೆ ಇಪ್ಪತ್ತು ನಿಮಿಷ. ಕಾವಲುಗಾರರು ಕುರ್ಚಿ ಹತ್ತಿರ ಎಳೆದುಕೊಂಡು ಕೂತು, ಪ್ರತಿ ಸಲ ಗೆರೆಗೆ ಸರಿಯಾಗಿ ಬಂತಾ ಅಂತ ಬಗ್ಗಿ ನೋಡುತ್ತಿದ್ದರು. ಎರಡನೇ ಚಿತ್ರದಲ್ಲಿ "ಒಂದ ಎಳಿ ಹೆಚ್ಚಾತ್ರಿ" ಅಂತ ಅವರೇ ಹೇಳಿದರು. ಹೌದು, ಅರ್ಧ ಮಿಲಿಮೀಟರ್ ಮುಂದೆ ಹೋಗಿತ್ತು.

ನೆರಳಲ್ಲಿ ಕೂತು ಲ್ಯಾಪ್‌ಟಾಪ್ ತೆರೆದು ಅಲ್ಲೇ ಕೂಡಿಸಿದೆ. ಕಂಬವೂ ನಿಂತಿತು, ಬಾಗಿಲೂ ನಿಂತಿತು. ದೊಡ್ಡದು ಮಾಡುತ್ತಾ ಹೋದೆ. ಬಾಗಿಲವಾಡದ ಬಳ್ಳಿಯ ಸುರುಳಿ, ಅದರೊಳಗಿನ ಪುಟ್ಟ ಮನುಷ್ಯ, ಅವನ ಕೈ. ಬೆರಳು ಎಣಿಸಲು ಬರುತ್ತಿತ್ತು. ಮಖಮಲ್ ಪಟ್ಟಿಯೂ ಕೆಲಸ ಮಾಡಿತ್ತು. ಬಾಗಿಲ ಆಚೆಯ ಕತ್ತಲೆ ಕಪ್ಪಗೇ ಇತ್ತು, ಬೂದಿ ಬಣ್ಣಕ್ಕೆ ತಿರುಗಿರಲಿಲ್ಲ. ಕಾವಲುಗಾರರಿಗೆ ತೋರಿಸಿದೆ. ಅವರು ಚಿತ್ರ ನೋಡಿ, ಎದ್ದು ಬಾಗಿಲ ಹತ್ತಿರ ಹೋಗಿ ಆ ಪುಟ್ಟ ಮನುಷ್ಯನನ್ನು ಹುಡುಕಿ, ಅಲ್ಲಿಂದಲೇ ನನ್ನ ಕಡೆ ತಿರುಗಿ ತಲೆಯಾಡಿಸಿದರು.

ಬ್ರಹ್ಮ ಜಿನಾಲಯಕ್ಕೂ ಹೋದೆ. 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬಸದಿ ಅದು. ಮುಸುಕಿನ ಬಾವಿಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತೆ. ಅಲ್ಲಿ ಯಾವ ಫೋಟೋವೂ ಮನಸ್ಸಿಗೆ ಬರಲಿಲ್ಲ.

ಡಂಬಳ ಗದಗದಿಂದ ಆಗ್ನೇಯಕ್ಕೆ ಸುಮಾರು 21 ಕಿ.ಮೀ. ದೂರ. ಮಧ್ಯಾಹ್ನ ಮೂರಕ್ಕೆ ದೊಡ್ಡಬಸಪ್ಪ ಗುಡಿ ಮುಟ್ಟಿದೆ. ಇದರ ಗರ್ಭಗುಡಿಯ ಹೊರಗೋಡೆಗೆ 24 ಮೂಲೆ. ಒಂದು ಚೌಕವನ್ನು 15 ಡಿಗ್ರಿ ತಿರುಗಿಸುತ್ತಾ ಆರು ಸಲ ಒಂದರ ಮೇಲೊಂದು ಬರೆದರೆ ಸಿಗುವ ನಕ್ಷತ್ರ. ಆ ಮೂಲೆಗಳು ಬುಡದಿಂದ ಶಿಖರದವರೆಗೆ ಹಾಗೇ ಏರುತ್ತವೆ. ಸಂಜೆ ಬಿಸಿಲು ತಿರುಗಿದ ಹಾಗೆ ಒಂದೊಂದು ಮೂಲೆಯೂ ಸರದಿಯ ಮೇಲೆ ಬೆಳಗಿ ಆರುತ್ತದೆ.

ಮಾಮೂಲಿ ಲೆನ್ಸ್‌ನಲ್ಲಿ ಶಿಖರ ಸೇರಿಸಲು ಕ್ಯಾಮೆರಾ ಮೇಲೆ ಎತ್ತಬೇಕು. ಎತ್ತಿದರೆ ಗುಡಿ ಹಿಂದಕ್ಕೆ ವಾಲಿದ ಹಾಗೆ ಕಾಣುತ್ತದೆ. ಗೆರೆಗಳೇ ಜೀವ ಆಗಿರುವ ಈ ಗುಡಿಗೆ ಹಾಗೆ ಮಾಡುವುದು ಅನ್ಯಾಯ. ಕ್ಯಾಮೆರಾವನ್ನು ಸಮನಾಗಿ ಇಟ್ಟು 55 ಅನ್ನು ಮೇಲಕ್ಕೆ 10 ಮಿ.ಮೀ. ಸರಿಸಿದೆ. ಪರದೆಯಲ್ಲಿ ಶಿಖರ ತಾನೇ ಕೆಳಗಿಳಿದು ಚೌಕಟ್ಟಿನೊಳಗೆ ಬಂತು. 24 ಮೂಲೆಯ ಗೆರೆಗಳೂ ನೆಟ್ಟಗೆ ನಿಂತವು. ಇನ್ನೂ ಸರಿಸಿ 14ಕ್ಕೆ ಹೋದಾಗ ಮೂಲೆಗಳಲ್ಲಿ ನೆರಳು ಬಂತು. ಕ್ಯಾಮೆರಾ ಮೌಂಟಿನ ಬಾಯಿಯೇ ಬೆಳಕಿಗೆ ಅಡ್ಡ ಬರುತ್ತದೆ. ಲೆನ್ಸ್‌ನಲ್ಲಿ ವೃತ್ತ ಇದ್ದರೂ ಬಾಯಿ ಬಿಡಬೇಕಲ್ಲ. 10, 11ಕ್ಕೆ ನಿಲ್ಲಿಸುವುದು ಒಳ್ಳೆಯದು.

ಬಿಸಿಲು ಮುಗಿಯುವವರೆಗೆ ಒಂದೇ ಜಾಗದಲ್ಲಿ ನಿಂತು ಹತ್ತು ಫೋಟೋ ತೆಗೆದೆ. ಕಾಕಾನ ರೋಲಿಗಿಂತ ಐದು ಕಡಿಮೆ.

ನಾಲ್ಕನೇ ದಿನ: ಬ್ಯಾಡಗಿ, ಹಾವೇರಿ

ಗದಗದಿಂದ ಲಕ್ಷ್ಮೇಶ್ವರ ದಾರಿ ಹಿಡಿದು ಬ್ಯಾಡಗಿಗೆ ಹೋದೆ. ಊರು ಬರುವ ಮೊದಲೇ ಮೂಗಿಗೆ ಮೆಣಸಿನಕಾಯಿ ಬರುತ್ತದೆ. ಜನವರಿಯಲ್ಲಿ ಹೊಸ ಮಾಲು. ಕಣದ ತುಂಬ ಕೆಂಪು ರಾಶಿ. ಉದ್ದಕ್ಕೆ ಸುಕ್ಕುಸುಕ್ಕಾಗಿರುವುದು ಕಡ್ಡಿ, ಗುಂಡಗೆ ದಪ್ಪ ಇರುವುದು ಡಬ್ಬಿ. ಖಾರ ಕಡಿಮೆ, ಬಣ್ಣ ಜಾಸ್ತಿ. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತು ಸಿಕ್ಕಿತು.

ಒಂದು ಗೋದಾಮಿನ ಜಗಲಿಯಲ್ಲಿ ಹೆಂಗಸರು ಕೂತು ತೊಟ್ಟು ಬಿಡಿಸುತ್ತಿದ್ದರು. ಮಾಲೀಕರನ್ನೂ ಅವರನ್ನೂ ಕೇಳಿ 150 ಹಾಕಿದೆ. ಅಂಚಿನ ಬೂಷ್ಟಿನಿಂದ ಏನೂ ತೊಂದರೆ ಕಾಣಲಿಲ್ಲ, ಎದುರು ಬಿಸಿಲು ಇಲ್ಲದಿದ್ದರೆ ಸಾಕು.

ಕೆಂಪು ಬಣ್ಣ ಮಾತ್ರ ಕಾಡಿತು. ಪರದೆಯಲ್ಲಿ ಬೆಳಕು ಸರಿ ಇದ್ದ ಹಾಗೆ ಕಾಣುತ್ತದೆ. ಆದರೆ ಮೂರು ಬಣ್ಣದ ಹಿಸ್ಟೋಗ್ರಾಮ್ (ಕತ್ತಲೆಯಿಂದ ಬೆಳಕಿನವರೆಗಿನ ಹಂಚಿಕೆ ತೋರಿಸುವ ನಕ್ಷೆ) ಬೇರೆ ಬೇರೆ ನೋಡಿದರೆ ಕೆಂಪು ಬಲ ಗೋಡೆಗೆ ಒತ್ತಿ ನಿಂತಿರುತ್ತದೆ. ಆಗ ಕಾಯಿಯ ಸುಕ್ಕು, ಹೊಳಪು ಎಲ್ಲ ಅಳಿಸಿ ಹೋಗಿ ಬಣ್ಣ ಬಳಿದ ಹಾಗಾಗುತ್ತದೆ. ಒಂದು ಸ್ಟಾಪ್‌ಗಿಂತ (ಅಂದರೆ ಬೆಳಕನ್ನು ಅರ್ಧಕ್ಕೆ ಇಳಿಸುವುದಕ್ಕಿಂತ) ಜಾಸ್ತಿ ಕತ್ತಲು ಮಾಡಿ ತೆಗೆದೆ. ಆಮೇಲೆ ಮುಖಗಳನ್ನು ಮಾತ್ರ ಎತ್ತಿಕೊಂಡೆ.

ಒಬ್ಬ ಅಜ್ಜಿಯ ಕೈ ನೋಡುತ್ತಾ ಕೂತುಬಿಟ್ಟೆ. ಬಲಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದರು. ಕಾಯಿ ಎಡಗೈಯಲ್ಲಿ, ತೊಟ್ಟಿನ ಬುಡಕ್ಕೆ ಉಗುರು, ಒಂದು ತಿರುವು. ತೊಟ್ಟು ಮಡಿಲಿಗೆ, ಕಾಯಿ ಬುಟ್ಟಿಗೆ. ಬೀಜ ಒಂದೂ ಉದುರುವುದಿಲ್ಲ. ನಾನು ಫೋಕಸ್ ಹುಡುಕುವಷ್ಟರಲ್ಲಿ ಐದು ಕಾಯಿ ಆಗಿರುತ್ತಿತ್ತು.

"ಎಷ್ಟ ಹೊತ್ತ ತಿರುಗಸ್ತೀಯೋ ಅದನ್ನ?" ಅಂತ ಕೇಳಿದರು.

"ಹಳೇದೈತಿ ಅಜ್ಜೀ, ನಿಧಾನ ಮಾಡತೈತಿ."

"ನಾನೂ ಹಳೇಕಿ ಅದೀನಿ, ನೋಡು" ಅಂತ ಬುಟ್ಟಿ ತೋರಿಸಿದರು. ಸುತ್ತ ಎಲ್ಲರೂ ನಕ್ಕರು. ಅವರು ನಗುತ್ತಾ ತಲೆ ಎತ್ತಿದಾಗ ಕಣ್ಣು ನನ್ನ ಫೋಕಸ್‌ಗೆ ತಾವಾಗಿಯೇ ಬಂದವು. ಎಫ್ 4. ಹಿಂದಿನ ರಾಶಿ ಕರಗಿ ಕೆಂಪು ಸೆರಗಿನ ಹಾಗಾಗಿತ್ತು. ಈ ಲೆನ್ಸ್ ಚೂಪು ಮಾಡಿ ಚುಚ್ಚುವುದಿಲ್ಲ. ಮುಖದ ಒಂದೊಂದು ಗೆರೆಯನ್ನೂ ಇಟ್ಟುಕೊಂಡು, ಬೆಳಕಿನಿಂದ ನೆರಳಿಗೆ ಮೆಲ್ಲಗೆ ಇಳಿಯುತ್ತದೆ. ಅಕ್ಕನ ಮದುವೆ ಫೋಟೋದಲ್ಲಿ ನಮ್ಮವ್ವನ ಮುಖ ಹೀಗೇ ಇದೆ. ಪ್ರಿಂಟ್ ಕಳಿಸುತ್ತೇನೆ ಅಂತ ಗೋದಾಮಿನ ವಿಳಾಸ ಬರೆದುಕೊಂಡೆ.

ಸಂಜೆ ಹಾವೇರಿಯ ಸಿದ್ಧೇಶ್ವರ ಗುಡಿ. ಬಹುಪಾಲು ಗುಡಿಗಳ ಹಾಗಲ್ಲದೆ ಇದು ಪಶ್ಚಿಮಕ್ಕೆ ಮುಖ ಮಾಡಿದೆ. ಅದಕ್ಕೇ ಸಂಜೆಗೆ ಇಟ್ಟುಕೊಂಡಿದ್ದೆ. ಇಲ್ಲಿಗೆ ಟ್ರೈಪಾಡ್ ಅನುಮತಿ ಕೇಳಿರಲಿಲ್ಲ, ಕೈಯಲ್ಲೇ 80ರಲ್ಲಿ ನಾಲ್ಕು ಫೋಟೋ ತೆಗೆದು ಹೆದ್ದಾರಿ ಹಿಡಿದೆ. ಹುಬ್ಬಳ್ಳಿ ಮುಟ್ಟುವಾಗ ಒಂಬತ್ತೂವರೆ.

ಮರುದಿನ ಬೆಳಿಗ್ಗೆ ಕಾಕಾನ ಮನೆಗೆ ಹೋದೆ. ಲಕ್ಕುಂಡಿಯ ಬಾಗಿಲನ್ನು ಲ್ಯಾಪ್‌ಟಾಪ್‌ನಲ್ಲಿ ಹಾಕಿ ಮೂರು ಫೋಟೋ ಕೂಡಿಸಿದ್ದು ಅಂದೆ. ಕಾಕಾ ಕನ್ನಡಕ ಹಾಕಿಕೊಂಡು ಪರದೆಯ ಮೇಲೆ ಬೆರಳಿಟ್ಟು ಎಡದಿಂದ ಬಲಕ್ಕೆ ಎಳೆಯುತ್ತಾ ಹೋದರು. ಕಂಬದ ಮೇಲೆ ನಿಂತರು, ಮುಂದೆ ಹೋದರು, ಮತ್ತೆ ಹಿಂದೆ ಬಂದರು.

"ಹೊಲಿಗಿ ಎಲ್ಲೈತಿ?"

ತೋರಿಸಿದೆ. ಅವರಿಗೆ ಕಾಣಲಿಲ್ಲ. ಅಜ್ಜಿಯ ಫೋಟೋ ಬಂದಾಗ ಏನೂ ಹೇಳದೆ ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು ಒಳಗೆ ಹೋಗಿ ಒಂದು ಕುಂಕುಮದ ಡಬ್ಬಿ ತಂದರು. ಮುಚ್ಚಳ ತೆಗೆದರೆ ಒಳಗೆ ಕಪ್ಪು ಲೋಹದ ಬಳೆ.

"ನಿಮ್ಮ ಕಾಕು ಇದರಾಗ ಗುಂಡಿ, ಪಿನ್ನು ಇಟ್ಟಿದ್ಲು. ನಿನ್ನೆ ಸಿಕ್ತು."

80ಕ್ಕೆ ಹಾಕಿ ತಿರುಗಿಸಿದೆ. ಟಕ್ ಅಂತ ಕೂತಿತು.